ಬದಲಾದದ್ದು ಮನುಷ್ಯರೋ, ಮನೆಯೊಳಗಿನ ಸ್ಥಾನಗಳೋ?



"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಹಣದ ಖರ್ಚಿಗೂ ಓಡಾಟದ ದಣಿವಿಗೂ ಅನ್ವಯಿಸಿ ಹೇಳುತ್ತೇವೆ. ಆದರೆ ಇದರಲ್ಲಿ ಇನ್ನೊಂದು ತಿಳಿವಳಿಕೆಯೂ ಅಡಗಿದೆ. ಮನೆ ಕಟ್ಟುವುದು, ಮದುವೆ ಮಾಡುವುದು ಎರಡೂ ಸಂತೋಷದ ಕಾರ್ಯಗಳೇ. ಆದರೂ ಹೊಸ ಮನೆಯ ಆಶೀರ್ವಾದ ಮುಗಿದ ಮೇಲೆ, ಮದುವೆಯ ಚಪ್ಪರ ಬಿಚ್ಚಿದ ಮೇಲೆ, ಎಷ್ಟೋ ಮನೆಗಳಲ್ಲಿ ಕಾರಣ ತಿಳಿಯದ ಬೇಸರವೊಂದು ಕಾಲಿಡುತ್ತದೆ. ಮಾತು ಕಡಿಮೆಯಾಗುತ್ತದೆ. ಸಣ್ಣ ವಿಷಯಕ್ಕೆ ದನಿ ಏರುತ್ತದೆ. ಆಗ ಮನೆಯವರು ಹೇಳುವ ಮಾತು ಒಂದೇ: "ಮೊದಲು ಇವರು ಹೀಗಿರಲಿಲ್ಲ."

ಈ ಮಾತನ್ನು ನೀವೂ ಕೇಳಿದ್ದೀರಿ, ಒಮ್ಮೊಮ್ಮೆ ಆಡಿಯೂ ಇದ್ದೀರಿ. ನಿವೃತ್ತನಾದ ಗಂಡನ ಬಗ್ಗೆ ಹೆಂಡತಿ, ಮದುವೆಯಾದ ಮಗನ ಬಗ್ಗೆ ತಾಯಿ, ವಿಧವೆಯಾದ ಅತ್ತೆಯ ಬಗ್ಗೆ ಸೊಸೆ ಇದನ್ನೇ ಹೇಳುತ್ತಾರೆ. ಹೇಳುವಾಗ ನಮ್ಮ ಬೆರಳು ಒಬ್ಬ ಮನುಷ್ಯನ ಸ್ವಭಾವದ ಕಡೆಗೆ ತೋರುತ್ತಿರುತ್ತದೆ. ಆದರೆ ಕೆಟ್ಟದ್ದು ನಿಜವಾಗಿ ಸ್ವಭಾವವೇ? ಅಥವಾ ಮನೆಯಲ್ಲಿ ಒಬ್ಬರ ಸ್ಥಾನ ಬದಲಾಗಿ, ಉಳಿದವರ ಸ್ಥಾನಗಳೂ ಅಲುಗಾಡಿ, ಯಾರಿಗೂ ತಮ್ಮ ಹೊಸ ಜಾಗ ಯಾವುದೆಂದು ತಿಳಿಯದೆ ಹೋಗಿದೆಯೇ? ಕುಟುಂಬ ಚಿಕಿತ್ಸೆ ಎಂಬ ವಿದ್ಯೆ ಈ ಎರಡನೆಯ ಪ್ರಶ್ನೆಯಿಂದಲೇ ಆರಂಭವಾಗುತ್ತದೆ. ಆ ವಿದ್ಯೆ ಬಲ್ಲವರು ಬದಲಾವಣೆಯ ಕಾಲದಲ್ಲಿ ಒಂದು ಕುಟುಂಬಕ್ಕೆ ಹೇಗೆ ನೆರವಾಗುತ್ತಾರೆ ಎಂಬುದನ್ನು ಈ ವಾರ ಅಭ್ಯಾಸ ಮಾಡೋಣ.

ಸಂತೋಷಕ್ಕೂ ಭಾರವಿದೆ

1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಅಮೆರಿಕದ ಇಬ್ಬರು ಮನೋವೈದ್ಯರು ಮನುಷ್ಯಜೀವನದ 43 ಘಟನೆಗಳನ್ನು ಪಟ್ಟಿಮಾಡಿ, ಒಂದೊಂದಕ್ಕೂ ಎಷ್ಟು ಹೊಂದಾಣಿಕೆ ಬೇಕಾಗುತ್ತದೆ ಎಂದು ಅಂಕ ಕೊಟ್ಟರು. ಬಾಳಸಂಗಾತಿಯ ಮರಣಕ್ಕೆ 100 ಅಂಕ. ಇದರಲ್ಲಿ ಅಚ್ಚರಿಯಿಲ್ಲ. ಆದರೆ ಮದುವೆಗೆ 50 ಅಂಕ, ನಿವೃತ್ತಿಗೆ 45, ಮಗ ಅಥವಾ ಮಗಳು ಮನೆ ಬಿಟ್ಟು ಹೋಗುವುದಕ್ಕೆ 29, ವಾಸದ ಮನೆ ಬದಲಿಸುವುದಕ್ಕೆ 20. ಗಮನಿಸಿ, ಮದುವೆಯ ಭಾರ ನಿವೃತ್ತಿಯ ಭಾರಕ್ಕಿಂತ ಹೆಚ್ಚು! 1984ರಲ್ಲಿ ನಮ್ಮ ದೇಶದ ಮನೋವೈದ್ಯ ಗುರ್ಮೀತ್ ಸಿಂಗ್ ಮತ್ತು ಸಂಗಡಿಗರು ಭಾರತೀಯರಿಗೆಂದೇ 51 ಘಟನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ಅಲ್ಲಿಯೂ ಮೊದಲ ಸ್ಥಾನ ಸಂಗಾತಿಯ ಮರಣಕ್ಕೇ. ಜೊತೆಗೆ, ಅಮೆರಿಕದ ಪಟ್ಟಿಯಲ್ಲಿ ಕಾಣದ ಒಂದು ಘಟನೆ ಅದರಲ್ಲಿ ಸೇರಿದೆ: ಮಗಳ ಅಥವಾ ಅವಲಂಬಿತ ಸಹೋದರಿಯ ಮದುವೆ. ನಮ್ಮ ಮನೆಗಳನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಅಂಕಗಳು ಎಲ್ಲರಿಗೂ ಒಂದೇ ತೂಕದಲ್ಲಿ ಅನ್ವಯಿಸುವುದಿಲ್ಲ. ಅವು ಕಲಿಸುವ ಪಾಠ ಇಷ್ಟೇ: ಒಳ್ಳೆಯದಾಗಲಿ ಕೆಟ್ಟದಾಗಲಿ, ಬದಲಾವಣೆ ಎಂಬುದು ಶಕ್ತಿಯನ್ನು ಬೇಡುತ್ತದೆ. ಮೇಲಿಂದ ಮೇಲೆ ಮೂರು ನಾಲ್ಕು ಬದಲಾವಣೆಗಳು ಬಂದರೆ ಗಟ್ಟಿ ಕುಟುಂಬವೂ ಸುಸ್ತಾಗುತ್ತದೆ. ಸುಸ್ತಾದವರು ಒಬ್ಬರ ಮೇಲೊಬ್ಬರು ಸಿಡುಕುವುದು ಸಹಜ.

ಇಡೀ ಕುಟುಂಬವೇ ಚಿಕಿತ್ಸೆಗೆ

ಒಬ್ಬರಿಗೆ ಮನಸ್ಸು ಸರಿಯಿಲ್ಲದಿದ್ದರೆ ಅವರೊಬ್ಬರನ್ನೇ ವೈದ್ಯರ ಬಳಿಗೆ ಕರೆದೊಯ್ಯುವುದು ವಾಡಿಕೆ. ಆದರೆ 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಎಂಬ ವೈದ್ಯರು ರೋಗಿಗಳ ಮನೆಯವರನ್ನೂ ಆಸ್ಪತ್ರೆಯ ಆವರಣದಲ್ಲಿ ಡೇರೆಗಳಲ್ಲಿ ಉಳಿಸಿಕೊಂಡು, ಚಿಕಿತ್ಸೆಯಲ್ಲಿ ಅವರನ್ನು ಪಾಲುದಾರರನ್ನಾಗಿ ಮಾಡಿದರು. ನಮ್ಮ ಬೆಂಗಳೂರಿನಲ್ಲಿ, 1974ರ ಡಿಸೆಂಬರಿನಲ್ಲಿ ಹಳೆಯ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಸ್ಥಾಪನೆಯಾಯಿತು. ಅದೇ ದಶಕದಲ್ಲಿ ಅಲ್ಲಿ ಕುಟುಂಬಗಳಿಗೆಂದೇ ಪ್ರತ್ಯೇಕ ಮನೋವೈದ್ಯಕೀಯ ಕೇಂದ್ರ ಆರಂಭವಾಯಿತು. ಗಂಡ ಹೆಂಡತಿ, ತಂದೆತಾಯಿ ಮಕ್ಕಳು ಒಟ್ಟಾಗಿ ಅಲ್ಲಿ ಕೆಲವು ದಿನ ಉಳಿದುಕೊಂಡು ಚಿಕಿತ್ಸೆ ಪಡೆಯುವ ವ್ಯವಸ್ಥೆ ಅದು. ಹೊಸೂರು ರಸ್ತೆಯ ನಿಮ್ಹಾನ್ಸ್ ಎಂದೊಡನೆ ನಮ್ಮಲ್ಲಿ ಅನೇಕರು ಈಗಲೂ ದನಿ ತಗ್ಗಿಸುತ್ತಾರೆ. ಸಂಸಾರದ ಬಿಕ್ಕಟ್ಟಿನಲ್ಲಿರುವ ಸಾಧಾರಣ ಜನರಿಗೂ ಅಲ್ಲಿ ನೆರವಿದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಕುಟುಂಬ ಚಿಕಿತ್ಸಕರ ನಂಬಿಕೆ ಸರಳವಾದದ್ದು. ಮನೆಯೆಂದರೆ ತೂಗುಹಾಕಿದ ತೊಟ್ಟಿಲಿನಂತೆ. ಒಂದು ಹಗ್ಗ ಸಡಿಲವಾದರೆ ಉಳಿದ ಮೂರರ ಮೇಲೂ ಎಳೆತ ಬೀಳುತ್ತದೆ. ಆದ್ದರಿಂದ ಅವರು "ತಪ್ಪು ಯಾರದು?" ಎಂದು ಕೇಳುವುದಿಲ್ಲ. "ಏನು ಬದಲಾಯಿತು? ಅದರಿಂದ ಯಾರ ಯಾರ ಮೇಲೆ ಎಳೆತ ಬಿತ್ತು?" ಎಂದು ಕೇಳುತ್ತಾರೆ.

ಗಿರಿನಗರದ ಒಂದು ಮನೆ

ವಿಷಯ ಸುಲಭವಾಗಿ ಅರ್ಥವಾಗಲೆಂದು ಗಿರಿನಗರದ ಎರಡನೇ ಹಂತದಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಇದು ಯಾರ ನಿಜವಾದ ಕಥೆಯೂ ಅಲ್ಲ. ಆದರೆ ಬನಶಂಕರಿ, ಜಯನಗರ, ಜೆ.ಪಿ. ನಗರಗಳ ಹಳೆಯ ಬೀದಿಗಳಲ್ಲಿ ಇಂಥ ಮನೆಗಳು ಇಲ್ಲದಿಲ್ಲ.

ಮೂವತ್ತು ನಲವತ್ತರ ನಿವೇಶನದಲ್ಲಿ ಅಜ್ಜ 1985ರಲ್ಲಿ ಕಟ್ಟಿಸಿದ ಮನೆ. ಮುಂದೆ ಒಂದು ತೆಂಗಿನ ಮರ. ಮನೆಯಲ್ಲಿ 84 ವರ್ಷದ ಅಜ್ಜಿ, ಬ್ಯಾಂಕಿನ ಕೆಲಸದಿಂದ 60ಕ್ಕೆ ನಿವೃತ್ತರಾದ ಮಗ, ಅವರ ಹೆಂಡತಿ. ಹದಿನೆಂಟು ತಿಂಗಳ ಹಿಂದೆ ಮಗಳ ಮದುವೆಯಾಯಿತು. ಆಕೆ ಗಂಡನೊಡನೆ ಮೈಸೂರಿಗೆ ಹೋದಳು. ಅದಾಗಿ ಆರು ತಿಂಗಳಿಗೆ ಮಗ ಕೆಲಸಕ್ಕೆಂದು ಕೆನಡಾಕ್ಕೆ ಹೊರಟ. ಮತ್ತೆ ಕೆಲವು ತಿಂಗಳಿಗೆ ಅಪ್ಪನ ನಿವೃತ್ತಿ. ಈಗ ಬಿಲ್ಡರ್ ಒಬ್ಬರು ಬಂದು, "ಮನೆ ಒಡೆದು ನಾಲ್ಕು ಮಹಡಿ ಕಟ್ಟೋಣ, ನಿಮಗೆ ಎರಡು ಫ್ಲಾಟ್" ಎನ್ನುತ್ತಿದ್ದಾರೆ.

ನಿವೃತ್ತರಾದ ಯಜಮಾನರು ಅಡುಗೆಮನೆಗೆ ಬಂದು ಹಾಲಿನ ಲೆಕ್ಕ, ತರಕಾರಿಯ ಲೆಕ್ಕ ಕೇಳತೊಡಗಿದ್ದಾರೆ. ಗ್ಯಾಸ್ ಏಕೆ ಬೇಗ ಮುಗಿಯಿತು, ಫ್ರಿಜ್‌ನಲ್ಲಿ ಹಳೆಯ ಸಾರು ಏಕಿದೆ ಎಂಬ ವಿಚಾರಣೆ. ಮೂವತ್ತಮೂರು ವರ್ಷ ಆ ಅಡುಗೆಮನೆಯನ್ನು ಒಬ್ಬರೇ ನಡೆಸಿದ ಹೆಂಡತಿಗೆ ತಲೆನೋವು ಶುರುವಾಗಿದೆ. ಅಜ್ಜಿ ಮಾತ್ರೆ ನುಂಗಲು ಹಟ ಮಾಡುತ್ತಾರೆ, ಮಗ ಮಧ್ಯಾಹ್ನ ಮಲಗಿದರೆ ಹತ್ತು ಸಲ ಬಂದು ಇಣುಕುತ್ತಾರೆ. ಪ್ರತಿ ರಾತ್ರಿ ಮೈಸೂರಿನಿಂದ ಮಗಳು ಫೋನ್ ಮಾಡಿ ಅಮ್ಮನ ದೂರನ್ನು ಅಪ್ಪನಿಗೆ, ಅಪ್ಪನ ದೂರನ್ನು ಅಮ್ಮನಿಗೆ ತಲುಪಿಸುತ್ತಾಳೆ. ಕಡೆಗೊಂದು ದಿನ ಆ ತಾಯಿ ಬ್ಯಾಗಿಗೆ ಬಟ್ಟೆ ತುಂಬಿ, "ನಾನು ಮಗಳ ಮನೆಯಲ್ಲೇ ಇದ್ದುಬಿಡುತ್ತೇನೆ, ಇಲ್ಲಿ ನನ್ನ ಅವಶ್ಯಕತೆ ಯಾರಿಗೂ ಇಲ್ಲ" ಎಂದಿದ್ದಾರೆ. ಮೂವತ್ತಮೂರು ವರ್ಷದ ದಾಂಪತ್ಯ ಹಾಲಿನ ಲೆಕ್ಕದ ಮೇಲೆ ಮುರಿಯುವ ಸ್ಥಿತಿ!

ಬಂಧುಗಳಿಗೆ ಇಲ್ಲಿ ತೀರ್ಪು ಸುಲಭ. ಕೆಲವರು "ಅವನು ಜಿಪುಣ" ಎನ್ನುವರು, ಕೆಲವರು "ಅವಳಿಗೆ ಸಹನೆಯಿಲ್ಲ" ಎನ್ನುವರು. ಚಿಕಿತ್ಸಕಿ ಏನು ಮಾಡುತ್ತಾರೆ ನೋಡೋಣ.

ಮೊದಲ ಹೆಜ್ಜೆ: ಎಲ್ಲರನ್ನೂ ಕೇಳುವುದು

ಮೊದಲ ಭೇಟಿಗೆ ಆಕೆ ಸಾಧ್ಯವಾದರೆ ಎಲ್ಲರನ್ನೂ ಕರೆಯುತ್ತಾರೆ, ಅಜ್ಜಿಯನ್ನೂ ಸೇರಿಸಿ. ಒಬ್ಬರು ಮಾತನಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕದಂತೆ ನೋಡಿಕೊಳ್ಳುತ್ತಾರೆ. ದೂರುಗಳನ್ನು ಕೇಳಿದ ಮೇಲೆ ಒಂದು ಹಾಳೆ ತೆಗೆದು, ಕಳೆದ ಎರಡು ವರ್ಷಗಳಲ್ಲಿ ಮನೆಯಲ್ಲಿ ಏನೇನು ಬದಲಾಯಿತು ಎಂದು ತಿಂಗಳುವಾರು ಬರೆಯಿಸುತ್ತಾರೆ. ಮದುವೆ, ಮಗನ ಪ್ರಯಾಣ, ನಿವೃತ್ತಿ, ಮನೆ ಒಡೆಯುವ ಮಾತು. ನಾಲ್ಕೂ ಒಂದೇ ಹಾಳೆಯಲ್ಲಿ ಕಂಡಾಗ ಮನೆಯವರೇ ಬೆರಗಾಗುತ್ತಾರೆ. ಇಷ್ಟು ಹೊತ್ತು ‘ಇವನ ಸ್ವಭಾವ’, ‘ಇವಳ ಸ್ವಭಾವ’ ಎಂದಿದ್ದುದು ಈಗ ‘ನಮ್ಮೆಲ್ಲರಿಗೂ ಆದದ್ದು’ ಎಂದು ಕಾಣುತ್ತದೆ.

ಆಕೆಯ ಪ್ರಶ್ನೆಗಳ ರೀತಿಯೂ ಬೇರೆ. ಇಟಲಿಯ ಮಿಲಾನ್ ನಗರದ ಚಿಕಿತ್ಸಕರ ತಂಡವೊಂದು 1980ರ ಸುಮಾರಿಗೆ ರೂಪಿಸಿದ ಪದ್ಧತಿಯಿದು. "ನಿಮಗೆ ಕೋಪವೇಕೆ?" ಎಂದು ಗಂಡನನ್ನು ಕೇಳುವ ಬದಲು ಮಗಳನ್ನು ಕೇಳುತ್ತಾರೆ: "ಅಪ್ಪ ಮೌನವಾಗಿ ಕುಳಿತಾಗ ಮನೆಯಲ್ಲಿ ಮೊದಲು ಗಮನಿಸುವವರು ಯಾರು? ಆಗ ಅವರು ಏನು ಮಾಡುತ್ತಾರೆ? ಅದನ್ನು ನೋಡಿ ಅಜ್ಜಿ ಏನು ಮಾಡುತ್ತಾರೆ?" ಹೀಗೆ ಕೇಳಿದಾಗ ಒಬ್ಬರ ನಡತೆ ಇನ್ನೊಬ್ಬರ ನಡತೆಯನ್ನು ಹೇಗೆ ಎಬ್ಬಿಸುತ್ತದೆ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಅವರು ಲೆಕ್ಕ ಕೇಳಿದಷ್ಟೂ ಇವರು ಮೌನವಾಗುತ್ತಾರೆ. ಇವರು ಮೌನವಾದಷ್ಟೂ ಅವರಿಗೆ ಮನೆಯಲ್ಲಿ ತಾವು ಬೇಡವಾದೆವೆಂಬ ಭಯ, ಆ ಭಯದಲ್ಲಿ ಮತ್ತೆ ಲೆಕ್ಕ. ಇದು ಗಾಣದ ಎತ್ತಿನ ಸುತ್ತು. ಸುತ್ತಿಗೆ ಆರಂಭ ಎಲ್ಲಿ ಎಂದು ಹುಡುಕಿ ಫಲವಿಲ್ಲ. ಎಲ್ಲಾದರೂ ಒಂದು ಕಡೆ ನಿಲ್ಲಿಸಬೇಕು, ಅಷ್ಟೆ.

ಎರಡನೆಯ ಹೆಜ್ಜೆ: ಮೂರು ತಲೆಮಾರಿನ ನಕ್ಷೆ

ಬಳಿಕ ಚಿಕಿತ್ಸಕಿ ಕುಟುಂಬದ ನಕ್ಷೆ ಬರೆಯುತ್ತಾರೆ. ಇದಕ್ಕೆ ಜೀನೋಗ್ರಾಮ್ ಎಂದು ಹೆಸರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಮದುವೆಗೆ ಅಡ್ಡಗೆರೆ, ಮಕ್ಕಳಿಗೆ ಕೆಳಗಿಳಿಯುವ ಗೆರೆ. ಸಾಮಾನ್ಯವಾಗಿ ಮೂರು ತಲೆಮಾರು ಇರುತ್ತದೆ. ಯಾರು ಯಾವಾಗ ತೀರಿಕೊಂಡರು, ಯಾರು ಊರು ಬಿಟ್ಟರು, ಯಾರಿಗೆ ಯಾರು ಹತ್ತಿರ, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ ಎಂಬುದೆಲ್ಲ ಅದರಲ್ಲಿ ಗುರುತಾಗುತ್ತದೆ.

ನಮ್ಮ ಕಲ್ಪನೆಯ ಮನೆಯಲ್ಲಿ ನಕ್ಷೆ ಬರೆಯುವಾಗ ಒಂದು ಸಂಗತಿ ಹೊರಬೀಳುತ್ತದೆ. ಅಜ್ಜ ಸರಕಾರಿ ಕೆಲಸದಿಂದ 58ಕ್ಕೆ ನಿವೃತ್ತರಾದವರು ಎಂಟೇ ತಿಂಗಳಲ್ಲಿ ಹೃದಯಾಘಾತದಿಂದ ತೀರಿಕೊಂಡರು, ಮಧ್ಯಾಹ್ನದ ನಿದ್ದೆಯಲ್ಲೇ. ಈ ಮಾತನ್ನು ಮನೆಯಲ್ಲಿ ಎಷ್ಟೋ ವರ್ಷಗಳಿಂದ ಯಾರೂ ಎತ್ತಿರಲಿಲ್ಲ. ಅಜ್ಜಿ ಏಕೆ ಹತ್ತು ಸಲ ಇಣುಕುತ್ತಾರೆ ಎಂಬುದು ಈಗ ತಿಳಿಯಿತು. ಮಗ ಏಕೆ ಒಂದು ಗಳಿಗೆ ಸುಮ್ಮನೆ ಕೂರಲಾರ ಎಂಬುದೂ ತಿಳಿಯಿತು. ಆ ಮನೆಯ ಎದೆಯೊಳಗೆ ‘ನಿವೃತ್ತಿ ಎಂದರೆ ಸಾವು’ ಎಂಬ ಲೆಕ್ಕವೊಂದು ಮೌನವಾಗಿ ಕುಳಿತಿತ್ತು. ಹಾಲಿನ ಲೆಕ್ಕದ ಹಿಂದೆ ಇದ್ದದ್ದು ಆ ಲೆಕ್ಕ.

ಬೆಟ್ಟಿ ಕಾರ್ಟರ್ ಮತ್ತು ಮೋನಿಕಾ ಮ್ಯಾಕ್‌ಗೋಲ್ಡ್ರಿಕ್ ಎಂಬ ಅಮೆರಿಕದ ಚಿಕಿತ್ಸಕಿಯರು 1980ರಲ್ಲಿ ಕುಟುಂಬದ ಜೀವನಚಕ್ರದ ಬಗ್ಗೆ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಎರಡು ಗೆರೆಗಳಿಂದ ವಿವರಿಸಿದ್ದಾರೆ. ಕಾಲ ಕಳೆದಂತೆ ಬರುವ ಮದುವೆ, ಹೆರಿಗೆ, ನಿವೃತ್ತಿಗಳದು ಅಡ್ಡಗೆರೆ. ಹಿರಿಯರಿಂದ ಕಿರಿಯರಿಗೆ ಇಳಿದು ಬರುವ ಭಯ, ರೂಢಿ, ಹೇಳದೆ ಉಳಿದ ಮಾತುಗಳದು ಲಂಬಗೆರೆ. ಎರಡೂ ಸಂಧಿಸುವ ಕಡೆ ಕಳವಳ ಹೆಚ್ಚು. ಒಂದೇ ಬದಲಾವಣೆ ಒಂದು ಮನೆಯಲ್ಲಿ ಸುಲಭವಾಗಿ ಕಳೆದು, ಪಕ್ಕದ ಮನೆಯಲ್ಲಿ ಬಿರುಗಾಳಿ ಎಬ್ಬಿಸುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದಲೇ "ಅವರ ಮನೆಯಲ್ಲಿ ಎಷ್ಟು ಚೆನ್ನಾಗಿ ನಿಭಾಯಿಸಿದರು ನೋಡಿ" ಎಂಬ ಹೋಲಿಕೆಯಿಂದ ಯಾರಿಗೂ ಉಪಕಾರವಿಲ್ಲ.

ಮೂರನೆಯ ಹೆಜ್ಜೆ: ಮುಗಿದುದಕ್ಕೆ ಬೀಳ್ಕೊಡುಗೆ

ಅಮೆರಿಕದ ಲೇಖಕ ವಿಲಿಯಂ ಬ್ರಿಡ್ಜಸ್ 1980ರಲ್ಲಿ ಬರೆದ ಪುಸ್ತಕವೊಂದರಲ್ಲಿ ಬಾಳಿನ ಪ್ರತಿಯೊಂದು ಬದಲಾವಣೆಗೂ ಮೂರು ಘಟ್ಟಗಳಿವೆ ಎಂದಿದ್ದಾರೆ. ಮೊದಲು ಹಳೆಯದರ ಮುಕ್ತಾಯ. ನಂತರ ಹಳೆಯದೂ ಇಲ್ಲದ ಹೊಸದೂ ಬಾರದ ನಡುಗಾಲ. ಕೊನೆಯಲ್ಲಿ ಹೊಸ ಆರಂಭ. ನಾವು ಸಾಮಾನ್ಯವಾಗಿ ಮೊದಲ ಎರಡನ್ನು ಹಾರಿ ಮೂರನೆಯದಕ್ಕೆ ಜಿಗಿಯಲು ನೋಡುತ್ತೇವೆ. ನಿವೃತ್ತರಿಗೆ "ಇನ್ನೇನು, ಆರಾಮ!" ಎನ್ನುತ್ತೇವೆ. ಮಗಳನ್ನು ಕಳಿಸಿಕೊಟ್ಟ ತಾಯಿಗೆ "ಜವಾಬ್ದಾರಿ ಕಳೆಯಿತಲ್ಲ!" ಎನ್ನುತ್ತೇವೆ. ಅವರಿಗಾದ ನಷ್ಟವನ್ನು ಹೇಳಿಕೊಳ್ಳಲು ಬಾಯಿಯೇ ಇಲ್ಲದಂತಾಗುತ್ತದೆ.

ಚಿಕಿತ್ಸಕಿ ಆ ಬಾಯಿಯನ್ನು ಮರಳಿ ಕೊಡುತ್ತಾರೆ. "ಬ್ಯಾಂಕಿನ ಕೆಲಸದಲ್ಲಿ ನಿಮಗೆ ಯಾವುದು ಹೆಚ್ಚು ನೆನಪಾಗುತ್ತದೆ?" ಎಂದು ಕೇಳುತ್ತಾರೆ. ಸಂಬಳವಲ್ಲ, ಬೆಳಿಗ್ಗೆ ಒಂಬತ್ತೂವರೆಗೆ ಬೀಗ ತೆಗೆಯುವಾಗ ಕಾಯುತ್ತ ನಿಂತಿರುತ್ತಿದ್ದ ಜನ, ‘ಸಾರ್ ಬಂದರು’ ಎಂಬ ಮಾತು. ಹೆಂಡತಿಗೋ? ಸಂಜೆ ಆರಕ್ಕೆ ಮಕ್ಕಳಿಗೆಂದು ಇಡುತ್ತಿದ್ದ ಕಾಫಿ, ತಿಂಡಿಯ ತಟ್ಟೆಗಳು. ಈಗ ಎರಡು ಲೋಟ ಮಾತ್ರ. ಒಬ್ಬರ ನಷ್ಟವನ್ನು ಇನ್ನೊಬ್ಬರು ಬಹುಶಃ ಮೊದಲ ಬಾರಿಗೆ ಕಿವಿಯಾರೆ ಕೇಳುವುದು ಆ ಕೋಣೆಯಲ್ಲಿ.

ನಮ್ಮ ಬೆಂಗಳೂರು ಇದನ್ನು ದೊಡ್ಡ ಪ್ರಮಾಣದಲ್ಲಿ ಕಂಡಿದೆ. ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಕಾರ್ಖಾನೆ 2002ರಲ್ಲಿ ಬಾಗಿಲು ಮುಚ್ಚಿತು. ಹೆಚ್.ಎಂ.ಟಿ. ವಾಚುಗಳ ಕಂಪನಿಯನ್ನು ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ಒಪ್ಪಿತು. ಅಲ್ಲಿ ದುಡಿದವರಿಗೆ ಪರಿಹಾರದ ಹಣದ ಬಗ್ಗೆ ಸಲಹೆ ಹೇಳುವವರು ಬೇಕಾದಷ್ಟು ಜನ ಸಿಕ್ಕಿರಬಹುದು. ಬೆಳಗಿನ ಕಾರ್ಖಾನೆಯ ಸೈರನ್ ನಿಂತಾಗ ಮನೆಯೊಳಗೆ ಏನು ನಿಂತಿತು ಎಂದು ಕೇಳಿದವರು ಎಷ್ಟು ಮಂದಿ?

ವಿದೇಶಕ್ಕೆ ಹೋದ ಮಗನ ವಿಷಯ ಇನ್ನೂ ಸೂಕ್ಷ್ಮ. ಪಾಲೀನ್ ಬಾಸ್ ಎಂಬ ಅಮೆರಿಕದ ಕುಟುಂಬ ಚಿಕಿತ್ಸಕಿ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಗಳನ್ನು ಅಭ್ಯಾಸ ಮಾಡಿ, ‘ಅಸ್ಪಷ್ಟ ಅಗಲಿಕೆ’ ಎಂಬ ಮಾತನ್ನು ಬಳಕೆಗೆ ತಂದರು. ಇದ್ದೂ ಇಲ್ಲದ, ಇಲ್ಲದೆಯೂ ಇರುವ ಸ್ಥಿತಿ ಅದು. ಮರೆವಿನ ರೋಗ ಬಂದ ಹಿರಿಯರು ಕಣ್ಣೆದುರೇ ಇದ್ದರೂ ಕೈಗೆ ಸಿಗದಿರುವುದೂ ಇದೇ ಬಗೆಯದು. ದಿನವೂ ಮೊಬೈಲ್ ಪರದೆಯಲ್ಲಿ ಕಾಣುವ, ಆದರೆ ಊಟಕ್ಕೆ ಕೂರದ ಮಗನ ಅಗಲಿಕೆಯಲ್ಲೂ ಇದರ ಛಾಯೆಯಿದೆ. ಇಂಥ ದುಃಖಕ್ಕೆ ಸಾಂತ್ವನ ಹೇಳಲು ಯಾರೂ ಮನೆಗೆ ಬರುವುದಿಲ್ಲ. ಹೆಸರಿಟ್ಟು ಮಾತನಾಡಿದರೆ ಮಾತ್ರ ಅದು ಹಗುರಾಗುತ್ತದೆ.

ನಾಲ್ಕನೆಯ ಹೆಜ್ಜೆ: ಸ್ಥಾನಗಳ ಮರುಹಂಚಿಕೆ

ದುಃಖ ಹೊರಬಂದ ಮೇಲೆ ಕೆಲಸದ ಮಾತು. ಚಿಕಿತ್ಸಕಿ ಉಪದೇಶ ಕೊಡುವುದಿಲ್ಲ, ಸಣ್ಣ ಪ್ರಯೋಗಗಳನ್ನು ಮನೆಯವರ ಬಾಯಿಂದಲೇ ಹೊರಡಿಸುತ್ತಾರೆ. ನಮ್ಮ ಮನೆಯಲ್ಲಿ ಅವು ಹೀಗಿರಬಹುದು:

1. ಬೆಳಿಗ್ಗೆ ಹತ್ತರವರೆಗೆ ಅಡುಗೆಮನೆ ಹೆಂಡತಿಯದು. ಕರೆದರೆ ಮಾತ್ರ ಗಂಡ ಒಳಗೆ ಹೋಗಬೇಕು.

2. ಅಜ್ಜಿಯ ಮಾತ್ರೆ, ವೈದ್ಯರ ಭೇಟಿ, ಪಿಂಚಣಿಗಾಗಿ ಪ್ರತಿವರ್ಷ ಕೊಡಬೇಕಾದ ಜೀವನ ಪ್ರಮಾಣಪತ್ರ, ಇಷ್ಟೂ ಪೂರ್ತಿಯಾಗಿ ಮಗನ ಹೊಣೆ. ಹೊಣೆಯೆಂದರೆ ಉಸ್ತುವಾರಿಯಲ್ಲ, ಕೆಲಸವನ್ನೇ ಮಾಡುವುದು.

3. ವಾರಕ್ಕೆ ಎರಡು ಬೆಳಿಗ್ಗೆ ಬೀದಿಯ ಹಿರಿಯರಿಗೆ ಬ್ಯಾಂಕಿನ ಅರ್ಜಿ ತುಂಬಿಕೊಡುವುದು. ಮೂವತ್ತು ವರ್ಷದ ವಿದ್ಯೆಗೆ ಹಾಲಿನ ಲೆಕ್ಕಕ್ಕಿಂತ ಒಳ್ಳೆಯ ಕೆಲಸ ಸಿಕ್ಕಿತು!

4. ಮೈಸೂರಿನ ಮಗಳು ಇನ್ನು ಮೇಲೆ ದೂರುಗಳನ್ನು ಸಾಗಿಸಬಾರದು. "ಅಮ್ಮಾ, ಇದನ್ನು ಅಪ್ಪನಿಗೆ ನೀವೇ ಹೇಳಿ" ಎನ್ನಬೇಕು. ಇಬ್ಬರ ನಡುವಿನ ಒತ್ತಡವನ್ನು ಮೂರನೆಯವರ ಮೇಲೆ ಹೇರುವುದನ್ನು ಮುರ್ರೆ ಬೋವೆನ್ ಎಂಬ ಅಮೆರಿಕದ ಮನೋವೈದ್ಯರು ತ್ರಿಕೋನ ಎಂದು ಕರೆದರು. ಮೂರನೆಯ ಮೂಲೆಯಲ್ಲಿ ನಿಂತ ಮಗಳಿಗೆ ತನ್ನ ಹೊಸ ಸಂಸಾರದಲ್ಲಿ ಬೇರೂರಲು ಬಿಡುವೇ ಸಿಗುವುದಿಲ್ಲ.

5. ಬಿಲ್ಡರ್‌ಗೆ ಉತ್ತರವನ್ನು ಆರು ತಿಂಗಳು ಮುಂದೂಡುವುದು. ಒಂದು ದೊಡ್ಡ ಬದಲಾವಣೆ ಜೀರ್ಣವಾಗುವ ಮೊದಲು ಇನ್ನೊಂದನ್ನು ಕೈಯಾರೆ ತಂದುಕೊಳ್ಳಬಾರದು. ನಿರ್ಧರಿಸುವ ದಿನ ಅಜ್ಜಿಯೂ ಕೂತಿರಬೇಕು. ಆ ತೆಂಗಿನ ಸಸಿ ನೆಟ್ಟವರು ಅವರು.

ಎರಡು ಮೂರು ವಾರಕ್ಕೊಮ್ಮೆ ಭೇಟಿಯಾದಾಗ ಚಿಕಿತ್ಸಕಿ ಕೇಳುತ್ತಾರೆ: "ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಈ ವಾರ ಮನೆ ಎಷ್ಟರಲ್ಲಿತ್ತು?" ಹೆಂಡತಿ "ನಾಲ್ಕು" ಎಂದರೆ, "ಹತ್ತು ಏಕಲ್ಲ?" ಎಂದು ಕೇಳುವುದಿಲ್ಲ. "ಮೂರು ಆಗದೆ ನಾಲ್ಕಾದದ್ದು ಹೇಗೆ? ಯಾರು ಏನು ಮಾಡಿದರು?" ಎಂದು ಕೇಳುತ್ತಾರೆ. ಇದ್ದ ಅಲ್ಪಸ್ವಲ್ಪ ಒಳ್ಳೆಯದನ್ನು ಹೆಕ್ಕಿ ತೋರಿಸಿ, ಅದನ್ನೇ ಬೆಳೆಸುವ ರೀತಿ ಇದು. ಕುಟುಂಬ ತನ್ನ ಕಾಲ ಮೇಲೆ ನಿಂತಿತು ಎನ್ನಿಸಿದಾಗ ಭೇಟಿಗಳು ನಿಲ್ಲುತ್ತವೆ. ಚಿಕಿತ್ಸಕರು ಬಾಳಿಡೀ ಆಸರೆಯಾಗಿರುವವರಲ್ಲ.

ಬೇರೆ ಬದಲಾವಣೆಗಳಲ್ಲಿಯೂ ಇದೇ ರೀತಿ

ಹೊಸ ಸೊಸೆ ಬಂದ ಮನೆಯಲ್ಲಿ "ಅತ್ತೆ ಒಳ್ಳೆಯವರೋ, ಸೊಸೆ ಒಳ್ಳೆಯವಳೋ?" ಎಂದು ತೂಗುವುದರಲ್ಲಿ ಅರ್ಥವಿಲ್ಲ. ಮಗ ಗಂಡನಾದಾಗ ತಾಯಿ ಕಳೆದುಕೊಂಡದ್ದೇನು, ತವರು ಬಿಟ್ಟ ಹುಡುಗಿ ಕಳೆದುಕೊಂಡದ್ದೇನು, ಇಬ್ಬರ ನಡುವೆ ನಿಂತ ಮಗ ಯಾವ ಮಾತನ್ನು ನುಂಗುತ್ತಿದ್ದಾನೆ ಎಂದು ಕೇಳಬೇಕು. ಗಂಡನನ್ನು ಕಳೆದುಕೊಂಡ ತಾಯಿಯ ಮನೆಯಲ್ಲಿ ಮಕ್ಕಳು ಪ್ರೀತಿಯಿಂದಲೇ ಎಲ್ಲವನ್ನೂ ತಾವೇ ವಹಿಸಿಕೊಳ್ಳುತ್ತಾರೆ. ಪಾಸ್‌ಬುಕ್, ಬೀಗದ ಕೈ, ಕೊನೆಗೆ ಆಕೆಯ ಊಟದ ಹೊತ್ತು ಕೂಡ. ಚಿಕಿತ್ಸಕರು ಮೊದಲು ಆಕೆಯನ್ನೇ ಕೇಳುತ್ತಾರೆ: "ಇವುಗಳಲ್ಲಿ ಯಾವುದನ್ನು ನೀವೇ ಇಟ್ಟುಕೊಳ್ಳಲು ಬಯಸುತ್ತೀರಿ?" ಗಂಡನ ಜೊತೆಗೆ ಮನೆಯೊಡತಿಯ ಸ್ಥಾನವನ್ನೂ ಕಳೆದುಕೊಂಡರೆ ಆಕೆಗೆ ಎರಡು ಮರಣಗಳ ದುಃಖ.

ಗುರುಗಳ ಬಳಿಗೋ, ಚಿಕಿತ್ಸಕರ ಬಳಿಗೋ?

ನಮ್ಮ ವಿಶ್ವಾಸಿಗಳಲ್ಲಿ ಏಳುವ ಪ್ರಶ್ನೆ ಇದು. ಇಬ್ಬರ ಕೆಲಸವೂ ಬೇರೆ, ಒಂದು ಇನ್ನೊಂದನ್ನು ತಳ್ಳಿಹಾಕುವುದಿಲ್ಲ. ಪಾಪನಿವೇದನೆಯಲ್ಲಿ ಒಬ್ಬ ವ್ಯಕ್ತಿ ತನ್ನ ತಪ್ಪನ್ನು ದೇವರ ಮುಂದೆ ಹೇಳಿಕೊಂಡು ಕ್ಷಮೆ ಪಡೆಯುತ್ತಾನೆ. ಚಿಕಿತ್ಸಕರ ಕೋಣೆಯಲ್ಲಿ ಮನೆಯವರೆಲ್ಲ ಕುಳಿತು ತಮ್ಮ ನಡುವಿನ ನಡವಳಿಕೆಯನ್ನು ನೋಡಿಕೊಳ್ಳುತ್ತಾರೆ. ಕ್ಷಮಿಸಿದ ಮೇಲೂ ಅಡುಗೆಮನೆಯ ಹೊತ್ತು ಹಂಚಿಕೊಳ್ಳುವುದು ಬಾಕಿ ಇರುತ್ತದಲ್ಲವೇ? 2016ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಕುಟುಂಬದ ಬಗ್ಗೆ ಹೊರಡಿಸಿದ ‘ಅಮೋರಿಸ್ ಲೆತೀಸಿಯ’ ಪ್ರಬೋಧನ ಪತ್ರದ ಆರನೆಯ ಅಧ್ಯಾಯದಲ್ಲಿ, ಹೆಚ್ಚುಕಡಿಮೆ ಎಲ್ಲ ದಾಂಪತ್ಯಗಳಿಗೂ ಬರುವ ಬಿಕ್ಕಟ್ಟುಗಳನ್ನು ಹೆಸರಿಸಿದ್ದಾರೆ. ಹೊಸ ದಂಪತಿ ತಂದೆತಾಯಿಯಿಂದ ಬಿಡಿಸಿಕೊಳ್ಳುವುದು, ಮಗುವಿನ ಆಗಮನ, ಮಕ್ಕಳ ಹರೆಯ, ಮಕ್ಕಳು ಹೋದ ಮೇಲಿನ ಬರಿದಾದ ಮನೆ, ಮುದಿ ತಂದೆತಾಯಿಯ ಆರೈಕೆ. ಚಿಕಿತ್ಸಕರ ಪಟ್ಟಿಗೂ ಈ ಪಟ್ಟಿಗೂ ಎಷ್ಟು ಹೋಲಿಕೆ! ಬಿಕ್ಕಟ್ಟು ಬಂದದ್ದು ನಮ್ಮ ವಿಶ್ವಾಸದ ಕೊರತೆಯಿಂದ ಎಂದು ಕುಗ್ಗಬೇಕಾಗಿಲ್ಲ.

ಎಚ್ಚರಿಕೆಯ ಕೆಲವು ಮಾತು

ಎಲ್ಲ ಸಮಸ್ಯೆಗೂ ಎಲ್ಲರನ್ನೂ ಒಟ್ಟಿಗೆ ಕೂರಿಸುವುದು ಸರಿಯಲ್ಲ. ಮನೆಯಲ್ಲಿ ಹೊಡೆತ ಬಡಿತವಿದ್ದರೆ ಹೊಂದಾಣಿಕೆಯ ಮಾತಿಗಿಂತ ಮೊದಲು ಪೆಟ್ಟು ತಿನ್ನುವವರ ಸುರಕ್ಷೆ. ಅವರನ್ನು ಹೊಡೆಯುವವರ ಎದುರೇ ಮಾತನಾಡಿಸಿದರೆ ಮನೆಗೆ ಮರಳಿದ ಮೇಲೆ ಅಪಾಯ ಹೆಚ್ಚಬಹುದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಅಂಥ ಮಹಿಳೆಯರ ರಕ್ಷಣೆಗಿದೆ. ತುರ್ತಿಗೆ 112. ನಿದ್ದೆ, ಊಟ ಬಿಟ್ಟು ವಾರಗಟ್ಟಲೆ ಮಂಕಾಗಿರುವವರಿಗೆ ಮನೋವೈದ್ಯರೂ ಬೇಕಾಗಬಹುದು. ಸಾಯುವ ಮಾತಾಡುವವರನ್ನು ಒಂಟಿಯಾಗಿ ಬಿಡದೆ ತಕ್ಷಣ ನೆರವು ಕೊಡಿಸಬೇಕು. ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಗಿರಿನಗರದ ಸುತ್ತಿನವರಿಗೆ ನಿಮ್ಹಾನ್ಸ್ ದೂರವಲ್ಲ. ಕೋರಮಂಗಲದ ಸಂತ ಜಾನರ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ಮನೋವೈದ್ಯಕೀಯ ವಿಭಾಗವಿದೆ. ಖಾಸಗಿಯಾಗಿ ಹೋಗುವುದಾದರೆ ಚಿಕಿತ್ಸಕರ ವಿದ್ಯಾರ್ಹತೆ, ಕುಟುಂಬ ಚಿಕಿತ್ಸೆಯಲ್ಲಿ ಅವರಿಗಿರುವ ತರಬೇತಿ, ಶುಲ್ಕ ಇವನ್ನು ಸಂಕೋಚವಿಲ್ಲದೆ ಮೊದಲೇ ಕೇಳಿ. ಚಿಕಿತ್ಸಾ ಮನಶ್ಶಾಸ್ತ್ರಜ್ಞರಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. "ನಮ್ಮ ಮನೆ ವಿಷಯ ಬೀದಿಗೆ ಬಂದರೆ?" ಎಂಬ ಅಂಜಿಕೆ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಗೋಪ್ಯತೆಯನ್ನು ಹಕ್ಕೆಂದೇ ಮಾನ್ಯ ಮಾಡಿದೆ. ಜೀವಕ್ಕೆ ಅಪಾಯ ತಡೆಯುವಂಥ ಕೆಲವೇ ಸಂದರ್ಭಗಳು ಅದಕ್ಕೆ ಹೊರತು.

ಮನೆಯವರೆಲ್ಲ ಕೂಡಿ ಚಿಂತಿಸಲು

ಪ್ರತಿಯೊಂದು ಮನೆಯೂ ಚಿಕಿತ್ಸಕರ ಬಳಿಗೆ ಹೋಗಬೇಕೆಂದಿಲ್ಲ. ಆದರೆ ಅವರು ಕೇಳುವ ಪ್ರಶ್ನೆಗಳನ್ನು ಪ್ರತಿಯೊಂದು ಮನೆಯೂ ಕೇಳಿಕೊಳ್ಳಬಹುದು. ಈ ಭಾನುವಾರ ಊಟವಾದ ಮೇಲೆ ಟಿ.ವಿ. ಆರಿಸಿ, ಮೊಬೈಲ್ ಪಕ್ಕಕ್ಕಿಟ್ಟು, ಅರ್ಧ ಗಂಟೆ ಕುಳಿತು ನೋಡಿ. ಕಿರಿಯರು ಮೊದಲು ಮಾತನಾಡಲಿ. ಹಿರಿಯರು ಮೊದಲು ಮಾತನಾಡಿದರೆ ಕಿರಿಯರು ಬಾಯಿ ಬಿಡುವುದಿಲ್ಲ.

1. ಕಳೆದ ಎರಡು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಏನೇನು ಬದಲಾಯಿತು? ಒಂದು ಹಾಳೆಯಲ್ಲಿ ಬರೆಯಿರಿ.

2. ಆ ಬದಲಾವಣೆಯಲ್ಲಿ ಪ್ರತಿಯೊಬ್ಬರೂ ಕಳೆದುಕೊಂಡದ್ದು ಏನು? ಒಬ್ಬರು ಹೇಳುವಾಗ ಉಳಿದವರು ಸಮಾಧಾನ ಹೇಳಲು ಅವಸರಿಸದೆ ಸುಮ್ಮನೆ ಕೇಳಿ.

3. ನಮ್ಮ ಹಿರಿಯರು ಇಂಥದೇ ಬದಲಾವಣೆಯನ್ನು ಹೇಗೆ ಎದುರಿಸಿದರು? ಆ ಕಥೆಯಿಂದ ನಮಗೆ ಬಂದಿರುವ ಧೈರ್ಯವೇನು, ಭಯವೇನು?

4. ನಮ್ಮಲ್ಲಿ ಯಾರಾದರೂ ಇಬ್ಬರ ನಡುವೆ ಮಾತು ಸಾಗಿಸುವವರಾಗಿದ್ದಾರೆಯೇ? ಅವರನ್ನು ಆ ಹೊರೆಯಿಂದ ಹೇಗೆ ಬಿಡಿಸೋಣ?

5. ಮುಂದಿನ ವಾರ ಪ್ರತಿಯೊಬ್ಬರೂ ಪೂರ್ತಿಯಾಗಿ ವಹಿಸಿಕೊಳ್ಳುವ ಒಂದು ಸಣ್ಣ ಕೆಲಸ ಯಾವುದು?

"ಮೊದಲು ಇವರು ಹೀಗಿರಲಿಲ್ಲ" ಎಂಬ ಮಾತು ಇನ್ನೊಮ್ಮೆ ನಾಲಿಗೆಯ ತುದಿಗೆ ಬಂದಾಗ ಒಂದು ಕ್ಷಣ ತಡೆದು, "ಮೊದಲು ನಮ್ಮ ಮನೆ ಹೇಗಿತ್ತು, ಈಗ ಹೇಗಿದೆ?" ಎಂದು ಕೇಳಿಕೊಳ್ಳಿ. ಬ್ಯಾಗಿಗೆ ಬಟ್ಟೆ ತುಂಬುವ ಮೊದಲು ಆಡಬೇಕಾದ ಮಾತು ಅದು.